ಬುಧವಾರದ ಕಟ್ಟೆ

೨೦ ಆಗಸ್ಟ್ ೨೦೨೫, ಬುಧವಾರ. ಶ್ರಾವಣ ಬಹುಳ ದ್ವಾದಶಿ. ಆಕರ: ತಾರೀಖಿಗೆ ಅಂದಿನ ಬಸ್ಸಿನ ಟಿಕೆಟ್ಟು, ವಾರ ಮತ್ತು ತಿಥಿಗೆ ಮನೆಯ ಪಂಚಾಂಗ.

ಹಾವೇರಿಯಿಂದ ಶಿಗ್ಗಾಂವಿಗೆ ಹೊರಟಿದ್ದ ಬಸ್ಸು ಸವಣೂರಿನ ನಿಲ್ದಾಣದಲ್ಲಿ ನಿಂತಿತ್ತು. ಪಕ್ಕದ ಸೀಟಿಗೆ ಬಂದು ಕುಳಿತ ಹಿರಿಯರೊಬ್ಬರು ಕಾಗದದ ಪೊಟ್ಟಣವೊಂದನ್ನು ಬಿಚ್ಚಿದರು. ಸವಣೂರಿನ ಖಾರ. ಕರಿದ ಕಡಲೆಹಿಟ್ಟು, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಕೂಡಿದ ಆ ಘಾಟು ಕಿಟಕಿಯ ಗಾಳಿಗೂ ಕದಲದೆ ನಮ್ಮಿಬ್ಬರ ನಡುವೆ ನಿಂತಿತು. "ತಗೋರಿ ಯಜಮಾನ್ರ, ಇನ್ನೂ ಬಿಸಿ ಐತಿ" ಎಂದು ಅವರು ಪೊಟ್ಟಣವನ್ನು ನನ್ನತ್ತ ಚಾಚಿದರು. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಕಣ್ಣಲ್ಲಿ ನೀರು ಬಂತು. ಅದು ಮೆಣಸಿನಕಾಯಿಯ ಕೆಲಸವೆಂದು ಅವರು ನಕ್ಕರು. ನಾನೂ ನಕ್ಕೆ.

ನಾನು ಅಂದು ಹೊರಟಿದ್ದದ್ದು ನಮ್ಮ ಹಳೆಯ ಸಂಸ್ಥೆಯ ಕಚೇರಿಗೆ. ಅದರ ಸಂಕ್ಷಿಪ್ತ ಇತಿಹಾಸವೊಂದನ್ನು ಬರೆದುಕೊಡಬೇಕೆಂದು ನನ್ನನ್ನು ಕೇಳಿದ್ದರು. ಆದರೆ ಖಾರದ ಆ ವಾಸನೆ ನನ್ನನ್ನು ಸಂಸ್ಥೆಗಿಂತ ಮೊದಲು ಒಬ್ಬ ಹೆಣ್ಣುಮಗಳ ಬಳಿಗೆ ಕರೆದೊಯ್ದಿತು. ನಾವೆಲ್ಲ ಅವರನ್ನು ಅಕ್ಕೋರು ಎನ್ನುತ್ತಿದ್ದೆವು. ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಕರೆಯುವ ಮಾತು ಅದು. ಹಿರೇಕೆರೂರಿನವರು. ನಮ್ಮಲ್ಲಿಗೆ ಬರುವ ಮೊದಲು ಹಾನಗಲ್ಲಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ಅಲ್ಲಿ ಅವರ ವಿದ್ಯಾರ್ಥಿನಿಯಾಗಿದ್ದ ಗಿರಿಜಾ ನಮ್ಮ ಸಂಸ್ಥೆಯಲ್ಲಿದ್ದಳು; ಅವಳು ಹಾಗೆ ಕರೆದಳೆಂದು ಎಲ್ಲರೂ ಕರೆದರು. ವಯಸ್ಸಿನಲ್ಲಿ ಅವರಿಗಿಂತ ಬಹಳ ಹಿರಿಯನಾದ ನಾನೂ ಕರೆದೆ.

ಸಂಸ್ಥೆಯ ಕೆಲಸವನ್ನು ಮೊದಲು ಹೇಳಬೇಕು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಹೊಲಗದ್ದೆಗಳಲ್ಲಿ, ಕೆರೆಯ ಏರಿಗಳ ಮೇಲೆ, ಗುಡಿಗಳ ಹಿಂಭಾಗದಲ್ಲಿ ನಿಂತಿರುವ ಶಾಸನಗಳನ್ನೂ ವೀರಗಲ್ಲುಗಳನ್ನೂ ದಾಖಲಿಸುವುದು. ಪ್ರತಿ ತಾಲೂಕಿನಲ್ಲಿ ಒಂದು ಕ್ಷೇತ್ರಕೇಂದ್ರ. ಶಿಗ್ಗಾಂವಿಯಲ್ಲಿ ಮುಖ್ಯ ಕಚೇರಿ, ಗೊಬ್ಬರದಂಗಡಿಯೊಂದರ ಮಾಳಿಗೆಯ ಮೇಲೆ. ದಾಖಲೆಗೆ ಬೇಕಾದ ತಂತ್ರಾಂಶವನ್ನು ಹೊರಗಿನವರಿಂದ ಕೊಳ್ಳದೆ ಅಲ್ಲಿಯೇ ಬರೆಸಲಾಗುತ್ತಿತ್ತು. ಬರೆಯುವವರಲ್ಲಿ ಮುಖ್ಯನಾದವನು ಮಂಜುನಾಥ, ಹತ್ತಿಮತ್ತೂರಿನ ಹುಡುಗ. ಅವನ ಕೈಕೆಳಗೆ ಇನ್ನಿಬ್ಬರು. ನಾನು ಶಾಸನಗಳ ಕಾಲನಿರ್ಣಯಕ್ಕೆ ಸಲಹೆಗಾರನಾಗಿದ್ದೆ. ತಾರೀಖು ನೋಡುವ ಮುದುಕ ಎಂದು ಹೇಳಿದರೂ ನಡೆಯುತ್ತದೆ.

ಆ ತಂತ್ರಾಂಶಕ್ಕೆ ಒದಗಿದ ರೋಗ ನಮ್ಮ ಜನರಿಗಷ್ಟೇ ಬರಬಹುದಾದದ್ದು. ಅದು ಮರ್ಯಾದೆಯಿಂದ ಬಂದ ರೋಗ. ಸವಣೂರು ಕೇಂದ್ರವನ್ನು ನೋಡುತ್ತಿದ್ದವರು ಊರಿಗೆಲ್ಲ ಕಾಕಾ ಆಗಿದ್ದ ಹಿರಿಯರು. ಜೀವನವೆಲ್ಲ ಕಲ್ಲು ಓದಿದವರು. ಅವರಿಗೆ ಪರದೆಯ ಮೇಲೆ ಏನಾದರೂ ಸರಿಕಾಣದಿದ್ದರೆ ಮಂಜುನಾಥನಿಗೆ ಫೋನು ಮಾಡುತ್ತಿದ್ದರು. "ತಮ್ಮಾ, ಇದನ್ನೊಂದೀಟು ಸರಿ ಮಾಡಿ ಕೊಡು." ಹಿರಿಯರು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನುವುದು ಹೇಗೆ? ಮಂಜುನಾಥ ಅಲ್ಲಿಯೇ, ಆಗಲೇ, ಜನ ಬಳಸುತ್ತಿರುವ ತಂತ್ರಾಂಶದಲ್ಲಿಯೇ ಸರಿಮಾಡಿಕೊಡುತ್ತಿದ್ದ. ಹಾನಗಲ್ಲು ಕೇಂದ್ರ ನೋಡುತ್ತಿದ್ದ ಗಿರಿಜಾ ಕೇಳಿದರೆ ಅವಳಿಗೂ ಹಾಗೆಯೇ. ಹಿರೇಕೆರೂರಿಗೂ ಹಾಗೆಯೇ. ಒಂದು ತಾಲೂಕಿಗೆ ಮಾಡಿಕೊಟ್ಟದ್ದು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ವರ್ಷಗಳು ಕಳೆಯುವಷ್ಟರಲ್ಲಿ ಹೆಸರಿಗೆ ಒಂದಾದ ತಂತ್ರಾಂಶ ನಾಲ್ಕು ಊರುಗಳಲ್ಲಿ ನಾಲ್ಕಾಗಿತ್ತು.

ಇದು ಬಯಲಾದದ್ದು ಒಂದು ವೀರಗಲ್ಲಿನಿಂದ. ಸವಣೂರು ಮತ್ತು ಶಿಗ್ಗಾಂವಿ ತಾಲೂಕುಗಳ ಗಡಿಯ ಹೊಲವೊಂದರಲ್ಲಿದ್ದ ಅದನ್ನು ಎರಡೂ ಕೇಂದ್ರಗಳು ದಾಖಲಿಸಿದ್ದವು. ಕಲ್ಲಿನ ಮೇಲಿನ ಶಕವರ್ಷ ಒಂದೇ. ಆದರೆ ತಂತ್ರಾಂಶ ಅದನ್ನು ಕ್ರಿಸ್ತಶಕಕ್ಕೆ ಪರಿವರ್ತಿಸಿದಾಗ ಎರಡು ಊರುಗಳಲ್ಲಿ ಎರಡು ವರ್ಷ, ಒಂದರ ಅಂತರ. ಕಾರಣ ಸರಳ. ಹಳೆಯ ಕಾಲದಲ್ಲಿ ಮುಗಿದ ವರ್ಷಗಳನ್ನು ಎಣಿಸುವ ರೂಢಿಯೂ ಇತ್ತು, ನಡೆಯುತ್ತಿರುವ ವರ್ಷವನ್ನು ಸೇರಿಸಿ ಎಣಿಸುವ ರೂಢಿಯೂ ಇತ್ತು. ಮಗುವಿಗೆ ನಾಲ್ಕು ತುಂಬಿತೆನ್ನುವುದಕ್ಕೂ ಐದರಲ್ಲಿದೆ ಎನ್ನುವುದಕ್ಕೂ ಇರುವ ವ್ಯತ್ಯಾಸ ಅದು. ಕಾಕಾ ಓದಿದ ಕೆಲವು ಕಲ್ಲುಗಳು ಎರಡನೆಯ ಬಗೆಯವು. ಅವುಗಳಿಗಾಗಿ ಅವರು ಫೋನು ಮಾಡಿದ್ದರು. ಮಂಜುನಾಥ ಸವಣೂರಿನ ಎಲ್ಲ ಕಲ್ಲುಗಳಿಗೂ ಒಂದು ವರ್ಷ ಕಳೆದುಬಿಟ್ಟಿದ್ದ.

ಆಡಳಿತ ಮಂಡಳಿ ಸಿಟ್ಟಾಯಿತು. ನಾಲ್ಕನ್ನೂ ಒಂದು ಮಾಡಿ, ಮುಂದೆ ಇಂಥದ್ದು ಆಗದಂತೆ ಕೆಲಸಕ್ಕೊಂದು ಕ್ರಮ ತರಬೇಕೆಂದು ಅಕ್ಕೋರನ್ನು ನೇಮಿಸಿದರು. ವರ್ಷದೊಳಗೆ ಆಗದಿದ್ದರೆ ತಂತ್ರಾಂಶ ವಿಭಾಗವನ್ನು ಮುಚ್ಚಿ ಹೊರಗಿನ ಕಂಪನಿಗೆ ವಹಿಸುವುದು, ಮಂಜುನಾಥನನ್ನೂ ಅವನ ಜೊತೆಯವರನ್ನೂ ಮನೆಗೆ ಕಳಿಸುವುದು ಎಂದು ಮೊದಲ ದಿನವೇ ಅವರಿಗೆ ತಿಳಿಸಲಾಯಿತು. ಅಕ್ಕೋರು ಬಂದ ದಿನ ಮಂಜುನಾಥ ತಲೆ ತಗ್ಗಿಸಿ ನಿಂತಿದ್ದ.

"ತಪ್ಪು ನಂದರೀ ಅಕ್ಕೋರ."

"ಯಾರದು ಅಂತ ನಾ ಕೇಳಲಿಲ್ಲಲ್ಲೋ. ಹೆಂಗ ಆತು ಅಷ್ಟ ಹೇಳು. ಕುಂತು ಹೇಳು, ನಿಂತ್ರ ಸುಳ್ಳ ಬರ್ತಾವ."

ಅವನು ಕುಳಿತ. ಅವರೂ ಕುಳಿತರು. ನಾನು ಮೂಲೆಯಲ್ಲಿದ್ದೆ. ಅವರು ಕೇಳಿದ ಪ್ರಶ್ನೆಗಳಲ್ಲಿ ಒಂದೂ ಕಂಪ್ಯೂಟರಿನದಾಗಿರಲಿಲ್ಲ. ಯಾರು ಯಾರಿಗೆ ಫೋನು ಮಾಡುತ್ತಾರೆ, ಯಾರಿಗೆ ಯಾರು ಏನಾಗಬೇಕು, ಯಾರ ಮಾತನ್ನು ಮೀರುವುದು ಕಷ್ಟ... ಇವನ್ನೇ ಕೇಳಿದರು. ಶಾಸನವೊಂದನ್ನು ಹೇಗೆ ಓದಬೇಕೋ ಹಾಗೆ ಅವರು ನಮ್ಮ ಕಚೇರಿಯನ್ನು ಓದುತ್ತಿದ್ದಾರೆಂದು ನನಗೆ ಆಗ ಅನ್ನಿಸಿತು. ಅಥವಾ ಈಗ ಅನ್ನಿಸುತ್ತಿರಬಹುದು. ಅನ್ನಿಸಿಕೆಗಳಿಗೆ ತಾರೀಖು ಇರುವುದಿಲ್ಲ.

ಅವರು ತಂದ ಕ್ರಮ ಇಷ್ಟೇ. ಫೋನಿನಲ್ಲಿ ರಿಪೇರಿ ಇಲ್ಲ. ಯಾರಿಗೆ ಏನು ಬದಲಾಗಬೇಕೋ ಅವರು ಬುಧವಾರ ಶಿಗ್ಗಾಂವಿಗೆ ಬಂದು, ಉಳಿದ ಮೂರು ತಾಲೂಕಿನವರೆದುರು ಬಾಯಿಬಿಟ್ಟು ಹೇಳಬೇಕು. ಮೂವರೂ ಹೂಂ ಎಂದರೆ ಮಾತ್ರ ಮಂಜುನಾಥ ಅದನ್ನು ಬರೆಯಬೇಕು. ಬರೆದದ್ದನ್ನು ಮುಂದಿನ ಬುಧವಾರ ಎಲ್ಲರ ಮುಂದೆ ನಡೆಸಿ ತೋರಿಸಬೇಕು. ಅನಂತರವೇ ಅದು ನಾಲ್ಕೂ ಊರಿಗೆ ಒಟ್ಟಿಗೆ ಹೋಗಬೇಕು. ಜಮಖಾನೆ ಹಾಸಿ ಕುಳಿತುಕೊಳ್ಳುವ ಈ ಸಭೆಗೆ ಕಟ್ಟೆ ಎಂದು ಹೆಸರಾಯಿತು. ಊರ ಕಟ್ಟೆಯ ಮೇಲೆ ಕುಳಿತು ವ್ಯಾಜ್ಯ ಹರಿಸುವವರನ್ನು ಕಂಡ ಜನಕ್ಕೆ ಬೇರೆ ಹೆಸರು ಬೇಕಾಗಲಿಲ್ಲ.

ಮೊದಲ ಬುಧವಾರಗಳಲ್ಲಿ ಕಾಕಾ ಬರಲಿಲ್ಲ. ಅವರು ಕಳಿಸಿದ ಮಾತನ್ನು ಮಂಜುನಾಥ ಸಂಕೋಚದಿಂದ ಒಪ್ಪಿಸಿದ: "ಕಲ್ಲು ಓದಿ ಓದಿ ಕಣ್ಣು ಸವದಾವ ಅಂದ್ರರೀ. ಇಂಥಾ ವಯಸ್ಸಿನ್ಯಾಗ ಒಂದು ಬಟನ್ ಸಲುವಾಗಿ ಶಿಗ್ಗಾಂವಿಗೆ ಬಂದು ಕೈಮುಗದು ನಿಂದ್ರಬೇಕೇನು ಅಂತ ಕೇಳಿದ್ರರೀ."

ಮುಂದಿನದನ್ನು ನಾವು ಊಹಿಸಿದ್ದೆವು: ನೋಟೀಸು, ಅದಕ್ಕೆ ಉತ್ತರ, ಮನಸ್ತಾಪ. ಅಕ್ಕೋರು ಜಮಖಾನೆ ಸುತ್ತಲು ಹೇಳಿದರು. ಮುಂದಿನ ಬುಧವಾರ ಜಮಖಾನೆಯ ಸಮೇತ ನಾವೆಲ್ಲ ಸವಣೂರಿನ ಕೇಂದ್ರದ ಬಾಗಿಲಲ್ಲಿ ನಿಂತಿದ್ದೆವು. ಅದು ಚಳಿಗಾಲವೆಂದು ನನ್ನ ನೆನಪು; ಬೇಸಿಗೆಯೆಂದು ಗಿರಿಜಾ ಹೇಳುತ್ತಾಳೆ. ಅಂದು ಅವಳು ಹಾನಗಲ್ಲಿನ ಮಾವಿನಹಣ್ಣು ತಂದಿದ್ದಳೆಂಬುದರಲ್ಲಿ ಇಬ್ಬರಿಗೂ ಒಮ್ಮತವಿರುವುದರಿಂದ ಬೇಸಿಗೆಯೆಂದೇ ಒಪ್ಪಿಕೊಳ್ಳುತ್ತೇನೆ.

"ನೀವು ಬರಲಿಲ್ಲ, ಅದಕ್ಕ ಕಟ್ಟೀನ ನಿಮ್ಮ ಕಡೆ ಬಂತ್ರಿ ಕಾಕಾ" ಎಂದರು ಅಕ್ಕೋರು.

ಬಾಗಿಲಿಗೆ ಬಂದವರನ್ನು ನಿಲ್ಲಿಸಿ ಮಾತಾಡುವವರಲ್ಲ ಕಾಕಾ. ಅರೆಗಳಿಗೆ ನಮ್ಮನ್ನೆಲ್ಲ ನೋಡಿ, "ಬರ್ರಿ, ಕುಂದರ್ರಿ. ಬಂದವ್ರನ್ನ ಹೊರಗ ಹಾಕಾಕ ಇದೇನು ಸರಕಾರಿ ಆಫೀಸೇನು" ಎಂದು ಒಳಕ್ಕೆ ಕರೆದರು. ಖಾರ ತರಿಸಿದರು, ಮಂಡಕ್ಕಿ ತರಿಸಿದರು, ಚಹಾ ತರಿಸಿದರು. ಅತಿಥಿಗಳ ಮುಂದೆ ಸಿಟ್ಟು ಮಾಡುವುದು ಅವರಿಗೆ ಸಾಧ್ಯವಿರಲಿಲ್ಲ. ಅಕ್ಕೋರಿಗೆ ಅದು ಗೊತ್ತಿತ್ತು. ಅಂದಿನಿಂದ ಕಟ್ಟೆ ಬುಧವಾರಕ್ಕೊಂದು ಊರು ತಿರುಗುವಂತಾಯಿತು. ಕೇಳುವವನು ಹೋಗಿ ನಿಲ್ಲುವುದಲ್ಲ, ಒಂದು ವಾರ ಕೇಳಿದವನು ಇನ್ನೊಂದು ವಾರ ಯಜಮಾನನಾಗುವುದು. ಅಷ್ಟು ಸಣ್ಣ ಬದಲಾವಣೆ ಅದು.

ಅಂದೇ ಆ ಒಂದು ವರ್ಷದ ವ್ಯತ್ಯಾಸ ಚರ್ಚೆಗೆ ಬಂತು.

"ನಾ ಓದಿದ ಕಲ್ಲೊಳಗ ನಡಿಯೋ ವರ್ಷನ ಹಾಕ್ಯಾರ. ಒಂದು ಕಳೀಬೇಕು, ಅಷ್ಟ" ಎಂದರು ಕಾಕಾ.

"ನಿಮ್ಮ ಕಲ್ಲಿಗೆ ಕಳೀರಿ ಕಾಕಾ, ಬ್ಯಾಡನ್ನಂಗಿಲ್ಲ" ಎಂದಳು ಗಿರಿಜಾ. "ನಾಲ್ಕೂ ಊರಿಗೆ ಒಂದ ಲೆಕ್ಕ ಅಂತ ನಮ್ಮ ಆಡೂರಿನ ಕಡೆ ಕಲ್ಲಿಗೂ ಯಾಕ ಕಳೀತೀರಿ? ಅವು ನಿಮಗೇನು ಮಾಡ್ಯಾವ?"

"ಆಡೂರಿನ ಕಲ್ಲು ನಿಮ್ಮಪ್ಪನವೇನು?"

"ನಮ್ಮಪ್ಪ ಅದ್ರ ಮ್ಯಾಲ ಕುಂತು ಬುತ್ತಿ ಉಣ್ತಿದ್ದ. ಅಷ್ಟ ಹಕ್ಕೈತಿ ನಮಗ."

ಕಾಕಾ ನಗಲಾರದೆ ನಕ್ಕರು. ನನ್ನನ್ನು ಕೇಳಿದರು. ಎರಡೂ ರೂಢಿ ಉಂಟು, ಕಲ್ಲಿನಿಂದ ಕಲ್ಲಿಗೆ ನೋಡಿಯೇ ನಿರ್ಣಯಿಸಬೇಕು, ಕೆಲವು ಕಡೆ ನಿರ್ಣಯ ಸಾಧ್ಯವೇ ಇಲ್ಲ ಎಂದೆ. ಆಗ ಅಕ್ಕೋರು ಮಂಜುನಾಥನ ಕಡೆ ತಿರುಗಿದರು.

"ಹಂಗಿದ್ರ ಮಷೀನು ತಾನ ನಿರ್ಣಯ ಮಾಡೂದು ಬ್ಯಾಡ. ಕಲ್ಲಿನ್ಯಾಗ ಏನೈತಿ ಅದನ್ನ ಹಂಗ ಇಡು. ಅದರ ಪಕ್ಕಕ್ಕ ಎರಡೂ ವರ್ಷ ತೋರಸು, ಯಾರು ಯಾವುದು ಅಂದ್ರು ಅಂತ ಹೆಸರು ಹಾಕು. ಜಗಳ ಇದ್ರ ಜಗಳನೂ ಕಾಣ್ಲಿ."

ಉಳಿದ ಮೂವರೂ ಹೂಂ ಎಂದರು. ಕಾಕಾ ಕೊನೆಯವರಾಗಿ ಹೂಂ ಎಂದರು. ಆಮೇಲೆ ಅದು ತಮ್ಮದೇ ಸಲಹೆಯೆಂದು ನಾಲ್ಕೂ ತಾಲೂಕಿನಲ್ಲಿ ಹೇಳಿಕೊಂಡು ತಿರುಗಿದರು. ಅಕ್ಕೋರು ಒಮ್ಮೆಯೂ ತಿದ್ದಲಿಲ್ಲ. ಯಾವುದಾದರೂ ಬುಧವಾರ ಯಾರಾದರೂ ತಪ್ಪಿಸಿಕೊಂಡರೆ "ಏನ್ರಿ, ದೊಡ್ಡ ಮನುಷ್ಯಾರಾದ್ರಿ?" ಎಂದು ಫೋನು ಮಾಡಿ ಚುಚ್ಚುತ್ತಿದ್ದವರೂ ಅದೇ ಕಾಕಾ.

ನಾಲ್ಕು ತಂತ್ರಾಂಶಗಳು ನಿಧಾನವಾಗಿ ಒಂದಾಗತೊಡಗಿದವು. ನಿಧಾನವಾಗಿ ಎಂಬ ಮಾತೇ ಮುಂದೆ ಮುಳುವಾಯಿತು. ನಮ್ಮ ಅಧ್ಯಕ್ಷರು ಕೆಟ್ಟವರಲ್ಲ. ಸಂಸ್ಥೆಗಾಗಿ ತಮ್ಮ ವ್ಯವಹಾರ ಬಿಟ್ಟು ಓಡಾಡಿದವರು. ದೊಡ್ಡ ಊರಿನಲ್ಲಿ ನಡೆದ ಯಾವುದೋ ಸಮ್ಮೇಳನಕ್ಕೆ ಹೋಗಿಬಂದ ಅವರಿಗೆ ನಮ್ಮ ಕಟ್ಟೆ ನಾಚಿಕೆಯ ವಿಷಯವಾಗಿ ಕಂಡಿತು. ದಿನವೂ ಬೆಳಿಗ್ಗೆ ಪರದೆಯ ಮೇಲೆ ಎಲ್ಲರೂ ಸೇರಿ ಸ್ವಲ್ಪ ಹೊತ್ತು ಮಾತಾಡುವುದು, ಬೇಕಾದ ಬದಲಾವಣೆಯನ್ನು ಯಂತ್ರದಲ್ಲಿಯೇ ನೋಂದಾಯಿಸುವುದು, ಎರಡು ವಾರಕ್ಕೊಮ್ಮೆ ಹೊಸ ಆವೃತ್ತಿ ಬಿಡುವುದು ಎಂಬ ಪದ್ಧತಿಯನ್ನು ಅವರು ತಂದರು. ಪದ್ಧತಿಯಲ್ಲಿ ದೋಷವಿರಲಿಲ್ಲ. ಬೇರೆ ಕಡೆ ಅದರಿಂದ ಒಳ್ಳೆಯ ಕೆಲಸವಾಗಿದೆಯೆಂದು ಅಕ್ಕೋರೇ ನನಗೆ ಹೇಳಿದ್ದರು.

"ಎರಡೂ ಇರ್ಲಿ ಬಿಡ್ರಿ" ಎಂದು ಅವರು ಅಧ್ಯಕ್ಷರಲ್ಲಿ ಕೇಳಿಕೊಂಡರು. "ಮುಂಜಾನೆ ಪರದೆ ಮ್ಯಾಲ ಕೂಡೋಣ. ಬುಧವಾರ ಜಮಖಾನಿ ಮ್ಯಾಲ ಕೂಡೋಣ."

"ಅಕ್ಕೋರ, ಚಹಾ ಕುಡಿಯಾಕ ಬಸ್ಸು ಹತ್ತಿ ಹೋಗೂದಕ್ಕ ಜನ ಏನಂತಾರ? ತಂತ್ರಾಂಶದ ಲೋಕಾರ್ಪಣೆ ದಿನ ಗೊತ್ತುಮಾಡೇವಿ. ಇನ್ನ ತಿರುಗಾಟ ಸಾಕ್ರಿ."

ನಾನು ಒಂದು ಮಾತು ಹೇಳಲು ಹೋದೆ. ಅಧ್ಯಕ್ಷರು ಬಹಳ ಗೌರವದಿಂದ, "ನೀವು ತಾರೀಖು ನೋಡ್ರಿ ಸರ, ತಾರೀಖಿನ್ಯಾಗ ನಿಮ್ಮನ್ನ ಬಿಟ್ಟವ್ರಿಲ್ಲ" ಎಂದರು. ಕಟ್ಟೆ ನಿಂತಿತು.

ಪರದೆಯ ಸಭೆಗೆ ಕಾಕಾ ಬಂದರು. ಬಂದರು ಎನ್ನುವುದಕ್ಕಿಂತ ಕಂಡರು ಎನ್ನಬೇಕು. ಸವಣೂರಿನ ಕೇಂದ್ರದಿಂದ ಅವರ ಮಾತು ತುಂಡು ತುಂಡಾಗಿ ಬರುತ್ತಿತ್ತು. ಅವರು ಹೇಳಿ ಮುಗಿಸುವಷ್ಟರಲ್ಲಿ ಸಭೆಯೇ ಮುಗಿದಿರುತ್ತಿತ್ತು. ಹೊಸದಾಗಿ ಸಿಕ್ಕ ಕಲ್ಲೊಂದರ ಬಗ್ಗೆ ಅವರು ಅಲ್ಲಿ ಪ್ರಸ್ತಾಪಿಸಿದರು, ಮರುದಿನ ಮತ್ತೆ ಪ್ರಸ್ತಾಪಿಸಿದರು. ಯಂತ್ರದಲ್ಲಿ ನೋಂದಾಯಿಸಿರೆಂದು ಯಾರೋ ಹೇಳಿದರು. ಕೊನೆಗೆ ಲೋಕಾರ್ಪಣೆಯ ಹಿಂದಿನ ವಾರ ಮಂಜುನಾಥನಿಗೆ ಫೋನು ಮಾಡಿದರು.

ಆ ಫೋನನ್ನು ಮಂಜುನಾಥ ಮುಂದೆ ನನಗೆ ಹಾಗೆಯೇ ಒಪ್ಪಿಸಿದ್ದಾನೆ. "ತಮ್ಮಾ, ಇಬ್ರೂ ಕೂಡಿ ಕಟ್ಟಿ ಮ್ಯಾಲ ಕುಂತವ್ರದೇವಿ. ನನ್ನ ಮಾತು ಯಾರಿಗೂ ಕೇಳವಲ್ದು. ಇದೊಂದು ಕಲ್ಲಿಗೆ ಒಂದು ವರ್ಷ ಕಳದು, ಅದೊಂದ ಕಾಣೂ ಹಂಗ ಮಾಡಿ ಕೊಡು." ಅವನು ಮಾಡಿಕೊಟ್ಟ. ಒಂದು ಕಲ್ಲಿಗೆಂದು ಮಾಡಿದ್ದು ಅವಸರದಲ್ಲಿ ಎಲ್ಲ ಕಲ್ಲುಗಳಿಗೂ ತಗಲಿತು. ಮುಂದಿನ ಬುಧವಾರ ನಾಲ್ಕೂರಿನವರ ಮುಂದೆ ಅದನ್ನು ನಡೆಸಿ ತೋರಿಸಬೇಕಾಗಿದ್ದರೆ ಗಿರಿಜಾ ಅಲ್ಲಿಯೇ ಹಿಡಿಯುತ್ತಿದ್ದಳು. ಆ ಬುಧವಾರವೇ ಇರಲಿಲ್ಲ.

ಲೋಕಾರ್ಪಣೆಯ ದಿನ ಸಭಿಕರೊಬ್ಬರು ಎದ್ದು ತಮ್ಮೂರಿನ ಶಾಸನವನ್ನು ತೋರಿಸಲು ಕೇಳಿದರು. ದೊಡ್ಡ ಪರದೆಯ ಮೇಲೆ ವರ್ಷ ಮೂಡಿತು. ಎರಡು ವರ್ಷಗಳಲ್ಲ, ಹೆಸರುಗಳಿಲ್ಲ. ಒಂದೇ ವರ್ಷ, ಅದೂ ತಪ್ಪು. "ನಮ್ಮೂರ ಗುಡಿ ಮುಂದ ನೀವ ಹಾಕಿಸಿದ ಫಲಕದಾಗ ಬ್ಯಾರೆ ಐತಲ್ರಿ" ಎಂದು ಅವರು ಕೇಳಿದ್ದು ಧ್ವನಿವರ್ಧಕವಿಲ್ಲದೆಯೂ ಎಲ್ಲರಿಗೂ ಕೇಳಿಸಿತು. ಯಾರೋ ನಕ್ಕರು. ನಗು ಹಿಂದಿನ ಸಾಲುಗಳಿಗೆ ಹಬ್ಬಿತು... ವೇದಿಕೆಯ ಮೇಲೆ ಅಧ್ಯಕ್ಷರ ಮುಖವನ್ನು ನಾನು ನೋಡಲಿಲ್ಲ. ಅಕ್ಕೋರ ಮುಖವನ್ನು ನೋಡಿದೆ. ಅವರು ಪರದೆಯನ್ನಲ್ಲ, ಮಂಜುನಾಥನನ್ನು ಹುಡುಕುತ್ತಿದ್ದರು.

ಆಡಳಿತ ಮಂಡಳಿ ಆ ವಾರವೇ ಸೇರಿತು; ಸಲಹೆಗಾರನಾದ ನನ್ನನ್ನೂ ಕರೆದಿದ್ದರು. ಮಂಜುನಾಥನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದರು. ಯಾರು ಮಾಡಿದ್ದು ಎಂದು ಅಧ್ಯಕ್ಷರು ಕೇಳಿದರು.

"ಯಾರು ಅಂತ ಬೇಕಿದ್ರ ನನ್ನ ಹೆಸರು ಬರ್ಕೊಳ್ರಿ" ಎಂದರು ಅಕ್ಕೋರು. "ಹೆಂಗ ಆತು ಅಂತ ಬೇಕಿದ್ರ ಕುಂತು ಹೇಳ್ತೇನಿ. ಭಾಳ ಹೊತ್ತು ಬೇಕಾಗಂಗಿಲ್ಲ."

"ಹೆಂಗ ಅನ್ನೂದು ಆಮ್ಯಾಲ ನೋಡೋಣ್ರಿ."

ಆಮೇಲೆ ಎಂಬುದು ಬರಲಿಲ್ಲ. ಅಕ್ಕೋರು ಅಂದೇ ಹೊರಬಿದ್ದರು. ವರ್ಷ ತುಂಬುವ ಮೊದಲೇ ವಿಭಾಗ ಮುಚ್ಚಿತು. ಕೆಲಸ ಹೊರಗಿನ ಕಂಪನಿಗೆ ಹೋಯಿತು. ಆ ಕಂಪನಿಯವರು ಒಳ್ಳೆಯ ತಂತ್ರಾಂಶವನ್ನೇ ಕೊಟ್ಟಿದ್ದಾರೆ, ಚಿತ್ರಗಳು ಬೇಗ ತೆರೆದುಕೊಳ್ಳುತ್ತವೆ. ಒಂದು ಕಲ್ಲಿಗೆ ಒಂದೇ ವರ್ಷ ಇದೆ. ಜಗಳ ಎಲ್ಲಿಯೂ ಕಾಣುವುದಿಲ್ಲ. ಮಂಜುನಾಥ ಈಗ ಹಿರೇಕೆರೂರಿನ ಬೀಜದ ವ್ಯಾಪಾರಿಯೊಬ್ಬರಲ್ಲಿ ಲೆಕ್ಕ ನೋಡುತ್ತಾನೆ. ಅಕ್ಕೋರು ಅದೇ ಊರಿಗೆ ಮರಳಿ ಮತ್ತೆ ಕಲಿಸತೊಡಗಿದರೆಂದು ಕೇಳಿದ್ದೆ. ಒಮ್ಮೆ ಹೋಗಿ ನೋಡಬೇಕೆಂದಿದ್ದೆ. ಕಾಕಾ ತೀರಿಕೊಂಡ ಸುದ್ದಿ ಮೊದಲು ಬಂತು, ಮುಂದೊಂದು ದಿನ ಅಕ್ಕೋರದೂ ಬಂತು. ಅವರ ಬಗ್ಗೆ ಫೋನು ಮಾಡಿದವಳು ಗಿರಿಜಾ. "ಇನ್ನ ಹೆಂಗ ಆತು ಅಂತ ಕೇಳವ್ರು ಯಾರೂ ಇಲ್ರಿ ಸರ" ಎಂದಷ್ಟೇ ಹೇಳಿದಳು.

ಆ ಕೊನೆಯ ಸಭೆಯ ಬಗ್ಗೆ ನಾನು ಹಲವರಿಗೆ ಹಲವು ಸಲ ಹೇಳಿರುವುದು ಹೀಗೆ: ಅಕ್ಕೋರು ಬಾಗಿಲಿನತ್ತ ನಡೆದಾಗ ಕಾಕಾ ಎದ್ದು ನಿಂತರು. "ಫೋನು ಮಾಡಿದವ್ನು ನಾನು. ಕಟ್ಟಿ ಮುರದವ್ರು ನೀವು. ಆಕಿ ಯಾಕ ಹೊಂಟ್ಲು?" ಎಂದು ಕೇಳಿದರು. ಅವರ ಬೆನ್ನಿಗೆ ನಾನೂ ಎದ್ದು, ಅಕ್ಕೋರನ್ನು ಕಳಿಸುವ ಈ ನಿರ್ಣಯಕ್ಕೆ ನನ್ನ ಸಮ್ಮತಿಯಿಲ್ಲವೆಂದೆ. ಕಾಕಾನ ಹೆಗಲ ಮೇಲಿನ ವಸ್ತ್ರ ಜಾರಿದ್ದು, ಅದನ್ನು ನಾನು ಎತ್ತಿಕೊಟ್ಟದ್ದು... ಇಷ್ಟು ಸ್ಪಷ್ಟವಾಗಿ ನನಗೆ ನೆನಪಿದೆ.

ಆಗಸ್ಟ್ ಇಪ್ಪತ್ತರಂದು ಶಿಗ್ಗಾಂವಿಯ ಕಚೇರಿಯಲ್ಲಿ ಆ ಸಭೆಯ ನಡಾವಳಿಯನ್ನು ತೆಗೆಸಿ ಓದಿದೆ. ಅಕ್ಕೋರು ವೈಯಕ್ತಿಕ ಕಾರಣದಿಂದ ರಾಜೀನಾಮೆ ಕೊಟ್ಟರೆಂದೂ ಅದನ್ನು ಸರ್ವಾನುಮತದಿಂದ ಅಂಗೀಕರಿಸಲಾಯಿತೆಂದೂ ಯಾರೂ ಆಕ್ಷೇಪಿಸಲಿಲ್ಲವೆಂದೂ ಅದರಲ್ಲಿದೆ. ಹಾಜರಿದ್ದವರ ಸಹಿಗಳಲ್ಲಿ ಕಾಕಾನದು ಇಲ್ಲ. ನನ್ನದಿದೆ. ನನ್ನ ಕೈಬರಹವೇ, ಅನುಮಾನಕ್ಕೆ ಎಡೆಯಿಲ್ಲ.

ಗಿರಿಜಾಳನ್ನು ಕೇಳಿದೆ, ಅವಳು ಅಂದು ಹಾನಗಲ್ಲಿನಲ್ಲಿದ್ದಳು. ಮಂಜುನಾಥನನ್ನು ಕೇಳಿದೆ. ಒಳಗೆ ಯಾರೋ ಜೋರಾಗಿ ಮಾತಾಡಿದ್ದು ಬಾಗಿಲಾಚೆ ಕೇಳಿಸಿತ್ತು, ಯಾರೆಂದು ಹೇಳಲಾರೆ ಎಂದ. ಬಹಳ ಹೊತ್ತು ಯೋಚಿಸಿ, ಅದು ಬೇರೆ ದಿನವೂ ಇರಬಹುದೆಂದ.

ಸಮಕಾಲೀನ ದಾಖಲೆ ಒಂದು ಹೇಳಿ, ಎಷ್ಟೋ ವರ್ಷದ ಬಳಿಕ ಒಬ್ಬನ ನೆನಪು ಇನ್ನೊಂದು ಹೇಳಿದರೆ, ಬೇರೆ ಸಾಕ್ಷ್ಯ ಸಿಗುವವರೆಗೆ ದಾಖಲೆಯನ್ನೇ ಪ್ರಮಾಣವೆಂದು ಹಿಡಿಯಬೇಕು. ನನ್ನ ವೃತ್ತಿಯಲ್ಲಿ ಬೇರೆಯವರ ಎಷ್ಟೋ ನೆನಪುಗಳನ್ನು ನಾನು ಈ ನಿಯಮದ ಮೇಲೆಯೇ ತಳ್ಳಿಹಾಕಿದ್ದೇನೆ. ಕಾಕಾ ಇಲ್ಲ, ಅಕ್ಕೋರು ಇಲ್ಲ. ಇನ್ನೊಂದು ಆಕರ ಎಲ್ಲಿಯೂ ಸಿಕ್ಕಿಲ್ಲ. ಆದ್ದರಿಂದ ಸಂಸ್ಥೆಯ ಇತಿಹಾಸದಲ್ಲಿ ಅಂದು ಅವರ ಪರವಾಗಿ ಯಾರೂ ಮಾತಾಡಲಿಲ್ಲವೆಂದೇ ಬರೆದಿದ್ದೇನೆ.